ಟೇಲರ್ ಮಾಮಾನ ಕೋಟೆ

ನನ್ನ ಸೋದರಮಾವನ ಪ್ರಕಾರ ಈ ಜಗತ್ತಿನಲ್ಲಿ ಎರಡೇ ಬಗೆಯ ವಸ್ತುಗಳಿವೆ. ಒಂದು ಹರಿದದ್ದು, ಇನ್ನೊಂದು ಇಷ್ಟರಲ್ಲೇ ಹರಿಯಲಿರುವುದು. ಎದುರಿಗೆ ನಿಂತವರು ಶಾಸಕರಿರಲಿ, ಸ್ವಾಮಿಗಳಿರಲಿ, ಅವನ ಕಣ್ಣು ಮೊದಲು ಹೋಗುವುದು ಅವರ ಕಂಕುಳ ಹೊಲಿಗೆಯ ಕಡೆಗೆ. ನಲವತ್ತು ವರ್ಷ ಟೇಲರ್ ಕೆಲಸ ಮಾಡಿದವನು, ಇನ್ನೇನು ನೋಡಿಯಾನು ಪಾಪ! ಅಂಥ ಮನುಷ್ಯನ ಕಣ್ಣಿಗೆ ಒಂದು ಹಾಳುಬಿದ್ದ ಕೋಟೆ ಬಿದ್ದರೆ ಏನಾಗುತ್ತದೆ? ಬೇರೆಯವರಾಗಿದ್ದರೆ ಕೈಮುಗಿಯುತ್ತಿದ್ದರು, ಇಲ್ಲವೆ ಅದರ ಮುಂದೆ ನಿಂತು ಫೋಟೊ ಹೊಡೆಸಿಕೊಳ್ಳುತ್ತಿದ್ದರು. ನಮ್ಮ ಮಾಮಾ ಕೊರಳಲ್ಲಿದ್ದ ಟೇಪು ತೆಗೆದು ಅದರ ಅಳತೆ ತೆಗೆದುಕೊಂಡ!

ಹಂಸಭಾವಿಯ ರಸ್ತೆ ಬಿಟ್ಟು ಸ್ವಲ್ಪ ಒಳಗೆ ಹೋದರೆ ನನ್ನ ತವರೂರು. ಊರ ಹಿಂದೆ ಒಂದು ಗುಡ್ಡ, ಗುಡ್ಡದ ತಲೆಯ ಮೇಲೆ ಆ ಕೋಟೆ. ಕೋಟೆ ಎಂದೊಡನೆ ದೊಡ್ಡದೇನನ್ನೋ ಕಲ್ಪಿಸಿಕೊಳ್ಳಬೇಡಿ. ಕೆಳಗಿನಿಂದ ನೋಡಿದರೆ ಯಾರೋ ಒಂದು ಲಾರಿ ಕಲ್ಲು ಸುರಿದು ಮರೆತು ಹೋದ ಹಾಗಿದೆ. ಹತ್ತಿ ನೋಡಿದರೆ ಕುಸಿದ ಗೋಡೆಯ ಸಾಲು, ಹೊಟ್ಟೆ ಮುಂದೆ ಬಂದ ಒಂದು ಬುರುಜು, ನೀರಿಲ್ಲದ ಒಂದು ಹೊಂಡ. ಅದನ್ನು ಯಾರು ಕಟ್ಟಿಸಿದರು ಎಂದು ಊರಲ್ಲಿ ಯಾರನ್ನು ಕೇಳಿದರೂ "ಪಾಂಡವ್ರು" ಎನ್ನುತ್ತಿದ್ದರು. ನಮ್ಮ ಕಡೆ ಯಾರಿಗೂ ಗೊತ್ತಿಲ್ಲದ ಕಟ್ಟಡಗಳನ್ನೆಲ್ಲ ಪಾಂಡವರೇ ಕಟ್ಟಿದ್ದಾರೆ. ವನವಾಸದಲ್ಲಿ ಅವರಿಗೆ ಊಟಕ್ಕೆ ಪುರುಸೊತ್ತು ಹೇಗೆ ಸಿಕ್ಕಿತೋ!

ಸೋಮವಾರ ನಮ್ಮಲ್ಲಿ ಎತ್ತಿನ ಹೆಗಲಿಗೆ ನೊಗ ಇಡುವುದಿಲ್ಲ. ಮಾಮಾ ಅದೇ ನೆಪ ಮಾಡಿ ಸೋಮವಾರ ಅಂಗಡಿ ಮುಚ್ಚುತ್ತಿದ್ದ. "ಎತ್ತಿಗೆ ರಜಾ ಐತಿ, ನನ್ನ ಮಷಿನ್ನಿಗೆ ಬ್ಯಾಡೇನು?" ಎನ್ನುತ್ತಿದ್ದ. ಮಷಿನ್ನಿಗೆ ರಜೆ ಕೊಟ್ಟು ಟೇಪು, ಗುರುತು ಹಾಕುವ ಸುಣ್ಣದ ತುಂಡು ಮತ್ತು ಗಿರಾಕಿಗಳ ಅಳತೆ ಬರೆಯುವ ಉದ್ದನೆಯ ಪುಸ್ತಕ ಹಿಡಿದು ಗುಡ್ಡ ಹತ್ತುತ್ತಿದ್ದ. ಸಂಜೆ ಇಳಿದು ಬರುವಾಗ ಉಗುರು ಜಜ್ಜಿರುತ್ತಿತ್ತು, ಸೊಂಟ ಹಿಡಿದುಕೊಂಡಿರುತ್ತಿತ್ತು. ಟೇಪು ಹಿಡಿದು ಅಳೆದರೆ ಉಗುರು ಯಾಕೆ ಜಜ್ಜುತ್ತದೆ ಎಂದು ನಾವು ಯಾರೂ ಕೇಳಲಿಲ್ಲ. ಊರವರು ಮಾತ್ರ, ಟೇಲರ್ ನಿಧಿ ಅಗೆಯುತ್ತಿದ್ದಾನೆ ಎಂದು ತೀರ್ಮಾನಿಸಿಬಿಟ್ಟಿದ್ದರು.

ಅವನ ಹೆಂಡತಿ, ನಮ್ಮ ಅತ್ತೆಗೆ ಈ ಗುಡ್ಡ ಸವತಿಯಾಗಿತ್ತು. ಜಜ್ಜಿದ ಬೆರಳಿಗೆ ಅರಿಷಿಣ ಹಚ್ಚುತ್ತ ಆಕೆ ಹೇಳುವಳು, "ನನ್ನ ಕೊರಳಿಗೆ ಯಾಕ ತಾಳಿ ಕಟ್ಟಿದ್ರಿ? ಆ ಬುರುಜಿಗೆ ಕಟ್ಟಬೇಕಿತ್ತು."

"ಕಟ್ಟತಿದ್ದೆ," ಎನ್ನುವನು ಮಾಮಾ, "ದಾರ ಸಾಲಂಗಿಲ್ಲ."

ಕೋಟೆಯ ವಿಷಯ ಮಾತಾಡುವಾಗಲೂ ಅವನಿಗೆ ಬಟ್ಟೆಯ ಭಾಷೆಯೇ ಬೇಕು. ಕೋಟೆಯ ಬಾಗಿಲು ಎಂದರೆ ಕಾಲರ್. ಗೋಡೆಯಲ್ಲಿ ಬಾಣ ಬಿಡಲು ಇಟ್ಟ ತೂತುಗಳು ಕಾಜ. ಹೊಂಡ ಎಂದರೆ ಕಿಸೆ. "ಹಾನಗಲ್ಲ ಗುಡಿ ಐತೆಲ್ಲ, ಅದು ಜರದ ಸೀರಿ ಇದ್ದಂಗ. ಎಲ್ಲಾರೂ ನೋಡಾಕ ಹೋಗ್ತಾರ," ಎನ್ನುತ್ತಿದ್ದ. "ನಮ್ಮ ಕೋಟಿ ದಿನಾ ಉಡೂ ಬಟ್ಟಿ. ಇದನ್ನ ನೋಡಾವ್ರ್ಯಾರು? ಹರದ ಮ್ಯಾಲೂ ಕೆಲಸ ಮಾಡೂದು ಇದ."

ಸಂಶೋಧಕನೆಂದ ಮೇಲೆ ಶೋಧ ಮಾಡದೆ ಇರುತ್ತಾನೆಯೆ? ನಾನು ಎರಡನೆಯ ಇಯತ್ತೆಯಲ್ಲಿದ್ದಾಗ ಒಂದು ಸೋಮವಾರ ಮಾಮಾ ಓಡುತ್ತ ಗುಡ್ಡ ಇಳಿದು ಬಂದ. ಕೈಯಲ್ಲಿ ಪಿಂಗಾಣಿಯ ನಾಲ್ಕು ಚೂರು! ದಾರಿಯಲ್ಲಿ ಸಿಕ್ಕವರನ್ನೆಲ್ಲ ನಿಲ್ಲಿಸಿ, "ಚೀನಾ ದೇಶದವ್ರು ನಮ್ಮೂರಿಗೆ ಬಂದಿದ್ರು! ಸಾವಿರ ವರ್ಷದ ಹಿಂದ ವ್ಯಾಪಾರಕ್ಕ ಬಂದಿದ್ರು!" ಎಂದು ಸಾರಿದ. ಅರ್ಧ ಊರು ಅವನ ಹಿಂದೆ ಮನೆಯವರೆಗೂ ಬಂತು. ಅತ್ತೆ ರೊಟ್ಟಿ ಬಡಿಯುವುದನ್ನು ಬಿಟ್ಟು ಹೊರಗೆ ಬಂದು ಚೂರುಗಳನ್ನು ತಿರುಗಿಸಿ ನೋಡಿದಳು.

"ಇದು ನಮ್ಮವ್ವ ಕೊಟ್ಟಿದ್ದ ಭರಣಿ. ಹ್ವಾದ ವರ್ಷ ನಿಮ್ಮ ಬುತ್ತ್ಯಾಗ ಮಾವಿನಕಾಯಿ ಉಪ್ಪಿನಕಾಯಿ ಹಾಕಿ ಕೊಟ್ಟಿದ್ನೆಲ್ಲ? ಭರಣಿ ಎಲ್ಲಿ ಅಂದ್ರ, ಕಳೀತು ಅಂದಿದ್ರಿ. ಒಡದ ಬಂದಿದ್ರೇನು?"

ಚೂರನ್ನು ಮೂಸಿದರೆ ಇನ್ನೂ ಇಂಗಿನ ವಾಸನೆ ಇತ್ತು! ಊರು ನಕ್ಕಿತು. ಆರು ತಿಂಗಳು ಮಾಮಾನಿಗೆ "ಚೀನಾ ಟೇಲರ್" ಎಂಬ ಹೆಸರು ನಿಂತಿತು. ಅವನೊಬ್ಬ ಮಾತ್ರ ನಗಲಿಲ್ಲ. ಮೂರನೆಯ ದಿನ ಮಷಿನ್ ತುಳಿಯುತ್ತ ನನಗೆ ಹೇಳಿದ, "ತಂಗಿ, ಹಳೇದರಾಗ ಹೊಸಾದು ಸೇರಿದ್ರ ನೋಡಾಂವ ಮೋಸ ಹೋಗ್ತಾನಬೇ. ನಾನ ಬಿಸಾಕಿದ್ದಕ್ಕ ನಾನ ಮೋಸ ಹ್ವಾದೆ, ನೋಡು." ನನಗೆ ಆಗ ಏಳು ವರ್ಷ. ಅದರಲ್ಲಿ ಏನು ತಿಳಿಯಬೇಕು?

ಅದೇ ಹೊತ್ತಿಗೆ ಊರಿನ ಮಕ್ಕಳ ಅಂಗಿಯಲ್ಲಿ ಒಂದು ರೋಗ ಶುರುವಾಯಿತು. ಶಾಲೆಯ ಬಿಳಿ ಅಂಗಿ ಇರಲಿ, ಹಬ್ಬದ ಬಣ್ಣದ ಅಂಗಿ ಇರಲಿ, ಮಾಮಾ ಹೊಲಿದ ಅಂಗಿಗೆ ಎಲ್ಲಕ್ಕಿಂತ ಕೆಳಗಿನ ಗುಂಡಿ ಇರುತ್ತಿರಲಿಲ್ಲ! ಕಾಜ ಇರುತ್ತಿತ್ತು, ಗುಂಡಿ ಇಲ್ಲ. ಗಂಡು ಹುಡುಗರ ಅಂಗಿಯ ತುದಿ ಗಾಳಿಗೆ ಹಾರುತ್ತಿತ್ತು. ನಮ್ಮಂಥ ಹುಡುಗಿಯರಿಗೆ ಅವ್ವಂದಿರು ಪಿನ್ನು ಹಾಕಿ ಕಳಿಸುತ್ತಿದ್ದರು. ಪ್ರಾರ್ಥನೆಗೆ ನಿಂತರೆ ಯಾರು ನಮ್ಮೂರಿನವರು ಎಂದು ಅಂಗಿಯ ಕೆಳಗಿನ ತುದಿಯಿಂದಲೇ ಗೊತ್ತಾಗುತ್ತಿತ್ತು. ಯಾರಾದರೂ ಕೇಳಿದರೆ ಮಾಮಾನ ಉತ್ತರ ಒಂದೇ. "ಕೆಳಗಿನ ಗುಂಡಿ ಚಡ್ಡಿ ಒಳಗ ಹೋಗತೈತಿ. ಅದನ್ನ ಯಾರ ನೋಡ್ತಾರಪ?" ನಮ್ಮವ್ವ, ಅಂದರೆ ಅವನ ಒಡಹುಟ್ಟಿದ ತಂಗಿಯೇ, "ನಮ್ಮಣ್ಣ ಎಲ್ಲಾ ಛಲೋ, ಕೈ ಒಂದ ಸ್ವಲ್ಪ ಬಿಗಿ" ಎಂದು ಸಮಾಧಾನ ಮಾಡಿಕೊಂಡಳು. ಊರೂ ಹಾಗೇ ಮಾಡಿಕೊಂಡಿತು, ಹಂಸಭಾವಿಗೆ ಹೋಗಿ ಹೊಲಿಸಲು ಬಸ್ಸು ಹತ್ತಬೇಕಲ್ಲ!

ಈಗ ನನ್ನ ಲಗ್ನದ ಕುಬಸದ, ಅಂದರೆ ರವಿಕೆಯ, ಕತೆಗೆ ಬರುತ್ತೇನೆ. ಅದನ್ನು ನೆನೆದರೆ ಈಗಲೂ ನನಗೆ ಮೈ ಉರಿಯುತ್ತದೆ.

ಗಂಡು ಶಿಗ್ಗಾಂವಿಯದು. ಲಗ್ನದ ಕುಬಸ ತಾನೇ ಹೊಲಿಯಬೇಕೆಂದು ಮಾಮಾ ಹಟ ಹಿಡಿದು ಅಳತೆ ತೆಗೆದುಕೊಂಡ. ಅದೇ ವಾರ ಅವನು ಬುರುಜಿನ ಅಳತೆಯನ್ನೂ ಅಡಿಯ ಲೆಕ್ಕದಲ್ಲಿ ತೆಗೆದಿದ್ದ. ಪುಸ್ತಕದ ಎಡಗಡೆ ಬುರುಜು, ಬಲಗಡೆ ನಾನು. ಮುಂದೆ ಆದದ್ದನ್ನು ಹೇಳಬೇಕೆ? ಲಗ್ನಕ್ಕೆ ನಾಲ್ಕು ದಿನ ಇರುವಾಗ ಮಾಮಾ ಅವ್ವನ ಹತ್ತಿರ ಬಂದು, "ಬಟ್ಟಿ ಸಾಲವಲ್ದವಾ, ಹುಡುಗಿ ಬೆಳದಾಳ" ಎಂದ. ಆಮೇಲೆ ಅಸ್ತರ ಹಚ್ಚಿ, ತುಂಡು ಜೋಡಿಸಿ, ಹೇಗೋ ಐವತ್ತೆಂಟು ಇಂಚಿನ ಎದೆಯ ರೇಷ್ಮೆ ಕುಬಸ ತಯಾರು ಮಾಡಿದ! ಆಗ ನಾನು ನಲವತ್ತು ಕಿಲೊ ತೂಗುತ್ತಿದ್ದೆ. ಅದನ್ನು ತೊಟ್ಟರೆ ಒಳಗೆ ನಾನು, ನಮ್ಮವ್ವ, ಬೀಗಿತ್ತಿ ಮೂವರೂ ಆರಾಮವಾಗಿ ಕುಳಿತು ಎಲೆ ಅಡಿಕೆ ಹಾಕಿಕೊಳ್ಳಬಹುದಿತ್ತು.

ಕತೆ ಅಲ್ಲಿಗೇ ಮುಗಿಯಲಿಲ್ಲ. ಕೋಟೆಯನ್ನು ನೋಡಲು ಬನ್ನಿ ಎಂದು ಅವನು ಅದೇ ವಾರ ಪುರಾತತ್ವ ಇಲಾಖೆಗೆ ಪತ್ರ ಬರೆದಿದ್ದ. ಬುರುಜಿನ ಅಳತೆ ನನಗೆ ಬಂದ ಮೇಲೆ ನನ್ನ ಅಳತೆ ಎಲ್ಲಿಗೆ ಹೋಗಿರಬೇಕು? "ಬುರುಜು: ಎದೆ ಮೂವತ್ತು, ಸೊಂಟ ಇಪ್ಪತ್ತಾರು, ತೋಳು ಒಂಬತ್ತು." ಇಲಾಖೆಯಿಂದ ಒಂದೇ ಸಾಲಿನ ಉತ್ತರ ಬಂತು. ಬುರುಜಿಗೆ ತೋಳು ಇರುವ ಬಗ್ಗೆ ತಾವು ಸ್ಪಷ್ಟೀಕರಣ ನೀಡತಕ್ಕದ್ದು!

ಕುಬಸವನ್ನು ರಾತ್ರೋರಾತ್ರಿ ಬಿಚ್ಚಿ ಹೊಲಿದುಕೊಟ್ಟ, ಅದೇನೋ ಚೆನ್ನಾಗಿಯೇ ಕೂತಿತು. ಆದರೆ ಲಗ್ನದ ದಿನ ಬೆಳಿಗ್ಗೆ ತೊಡುವಾಗ ನೋಡುತ್ತೇನೆ, ಕೆಳಗಿನ ಹುಕ್ಕು ಇಲ್ಲ! ಲಗ್ನದ ಕುಬಸಕ್ಕೂ! ಅವ್ವ ಅವಸರದಲ್ಲಿ ಪಿನ್ನು ಹಾಕಿದಳು. ಅಕ್ಕಿಕಾಳು ಬೀಳುವಾಗಲೆಲ್ಲ ಆ ಪಿನ್ನು ನನ್ನನ್ನು ಚುಚ್ಚುತ್ತಿತ್ತು. ಫೋಟೊಗಳಲ್ಲಿ ನನ್ನ ಕಣ್ಣಲ್ಲಿ ನೀರಿದೆ. ತವರು ಬಿಡುವ ದುಃಖ ಎಂದು ನನ್ನ ಗಂಡನ ಮನೆಯವರು ಇಂದಿಗೂ ತಿಳಿದಿದ್ದಾರೆ.

ಅದನ್ನಾದರೂ ಮರೆತೇನು. ಮರೆಯಲಾಗದ ಮಾತು ಇನ್ನೊಂದಿದೆ. ಲಗ್ನ ಭಾನುವಾರ ಆಯಿತು, ಮಾರನೆಯ ದಿನ ನನ್ನನ್ನು ಶಿಗ್ಗಾಂವಿಗೆ ಕಳಿಸುವುದು. ಊರೆಲ್ಲ ಬಂದು ನಿಂತಿತ್ತು, ಮಾಮಾ ಇರಲಿಲ್ಲ. ಅವತ್ತು ಸೋಮವಾರವಲ್ಲವೆ, ಗುಡ್ಡಕ್ಕೆ ಹೋಗಿದ್ದ! ನಾನು ಟೆಂಪೊ ಹತ್ತಿ ಊರು ದಾಟುವ ತನಕ ತಿರುಗಿ ತಿರುಗಿ ನೋಡಿದೆ. ಹೆಗಲ ಮೇಲೆ ಕೂಡಿಸಿಕೊಂಡು ಬೆಳೆಸಿದ ಮಾಮಾನಿಗೆ ನನಗಿಂತ ಕಲ್ಲು ಹೆಚ್ಚಾಯಿತೆ ಎಂಬ ಸಿಟ್ಟು ನನ್ನಲ್ಲಿ ಹದಿನೆಂಟು ವರ್ಷ ಹಾಗೇ ಇತ್ತು. ತವರಿಗೆ ಹೋದಾಗಲೆಲ್ಲ ಅವನನ್ನು ಮಾತಾಡಿಸುತ್ತಿದ್ದೆ, ನಗುತ್ತಿದ್ದೆ. ಆದರೆ ಆ ಒಂದು ಮಾತನ್ನು ಕೇಳಲು ಬಾಯಿ ಬರಲಿಲ್ಲ.

ಹೋದ ವರ್ಷ ಅತ್ತೆಯ ಫೋನು ಬಂತು. "ನಿಮ್ಮ ಮಾಮಾ ಊಟ ಬಿಟ್ಟಾರಬೇ. ಗುಡ್ಡಕ್ಕ ಖಡಿ ಮಷಿನ್ ಹಾಕಾಕ ಯಾರೋ ಅರ್ಜಿ ಕೊಟ್ಟಾರಂತ. ಗುಡ್ಡ ಎಲ್ಲಾ ಪುಡಿ ಮಾಡಿ ಜಲ್ಲಿ ಮಾಡ್ತಾರಂತ." ಗುಡ್ಡ ಉಳಿಯಬೇಕಾದರೆ ಮೇಲೆ ನಿಜವಾಗಿ ಹಳೆಯ ಕೋಟೆ ಇದೆ ಎಂದು ಇಲಾಖೆಯವರು ಬಂದು ನೋಡಿ ವರದಿ ಕೊಡಬೇಕು. ತೋಳಿನ ಬುರುಜಿನ ಪತ್ರ ಬರೆದವನ ಮಾತು ಕೇಳಿ ಯಾರು ಬರುತ್ತಾರೆ? ಮಾಮಾ ಮತ್ತೆ ಮತ್ತೆ ಪತ್ರ ಬರೆದ. ಈ ಸಲ ಅಳತೆಯನ್ನು ಅತ್ತೆಗೆ ಓದಿ ಹೇಳಿ ಖಾತ್ರಿ ಮಾಡಿಕೊಂಡ. ಕೊನೆಗೂ ಒಬ್ಬ ಮೇಡಂ ಬರುತ್ತೇನೆಂದು ತಿಳಿಸಿದರು. ನಾನೂ ಕುರುಕಲು ತಿಂಡಿಗೆಂದು ಸವಣೂರಿನ ಖಾರ ಎರಡು ಪಾಕೀಟು ಕಟ್ಟಿಸಿಕೊಂಡು ತವರಿಗೆ ಹೋದೆ. ಸರಕಾರವೂ ಬಾಯಿರುಚಿ ನೋಡುತ್ತದಲ್ಲ!

ಮೇಡಂ ಮೈಸೂರಿನ ಕಡೆಯವರು, ಇನ್ನೂ ಚಿಕ್ಕ ವಯಸ್ಸು. ತಲೆಗೆ ಟೊಪ್ಪಿಗೆ, ಕಾಲಿಗೆ ಬೂಟು, ಕೈಯಲ್ಲೊಂದು ಸಣ್ಣ ಬ್ರಷ್. ಹಿಂದೆ ಊರೆಲ್ಲ ಗುಡ್ಡ ಹತ್ತಿತು. ಬಾಗಿಲಿನ ಹತ್ತಿರ ಅವರು ತಲೆ ಅಲ್ಲಾಡಿಸಿದರು, ಏನೂ ಉಳಿದಿಲ್ಲ. ಬುರುಜಿನ ಮುಂದೆ, "ಇದು ಈಚಿನದು" ಎಂದರು. ಮಾಮಾನ ಮುಖ ಇಳಿಯಿತು. ಪಶ್ಚಿಮದ ಗೋಡೆಯ ಹತ್ತಿರ ಬಂದೊಡನೆ ಮೇಡಂ ನಿಂತುಬಿಟ್ಟರು. ಎಂಟು ಸಾಲು ಕಲ್ಲು, ಒಂದು ಗೇಣು ಕೂಡ ಕುಸಿದಿಲ್ಲ.

"ಎಷ್ಟು ನಾಜೂಕಾಗಿ ಕೂರಿಸಿದ್ದಾರೆ ನೋಡಿ! ಗಾರೆ ಇಲ್ಲ, ಮಣ್ಣಿಲ್ಲ, ಕಲ್ಲಿಗೆ ಕಲ್ಲೇ ಹಿಡಿದುಕೊಂಡಿದೆ. ಇದೊಂದು ಗೋಡೆ ಸಾಕು, ನಾನು ವರದಿ ಬರೆದುಬಿಡ್ತೀನಿ."

ಊರು ಚಪ್ಪಾಳೆ ಹೊಡೆಯಿತು. ಪಂಚಾಯ್ತಿಯ ಸದಸ್ಯನೊಬ್ಬ ಮಾಮಾನ ಬೆನ್ನು ತಟ್ಟಿದ. ಮಾಮಾ ಮಾತ್ರ ಕೊರಳ ಟೇಪನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದ.

"ಮೇಡಂ ಅವರ," ಎಂದ ಕೊನೆಗೆ, "ಅದನ್ನ ಬರೀಬ್ಯಾಡ್ರಿ."

"ಯಾಕೆ?"

"ಅದು ಹಳೇದಲ್ರಿ. ನಂದ್ರಿ."

"ನಿಮ್ಮ ಜಮೀನಾ ಇದು?"

"ಜಮೀನಲ್ರಿ. ಗೋಡಿ. ನಾನ ಕಟ್ಟಿದ್ದು."

ಮೊದಲು ಬಾಯಿ ತೆರೆದವನು ಆ ಸದಸ್ಯನೇ. "ಏ ಟೇಲರ್, ತಲಿಗಿಲಿ ಕೆಟ್ಟೈತೇನು? ಅವರು ತಾವಾಗೇ ಬರದ ಕೊಡಾಕತ್ತಾರ, ಬಾಯಿ ಮುಚ್ಕೊಂಡು ನಿಂದ್ರಾಕ ಬರಂಗಿಲ್ಲೇನು?"

"ಅಳತಿ ಸುಳ್ಳ ಹೇಳಾಕ ಬರಂಗಿಲ್ಲಪ," ಎಂದ ಮಾಮಾ. "ಮೂವತ್ತು ವರ್ಷ ಆತ್ರಿ ಮೇಡಂ. ಕಲ್ಲು ಉದುರಿದ್ದು ಕಂಡ್ರ ನನ್ನ ಕೈ ಸುಮ್ನ ಇರೂದಿಲ್ರಿ. ಹರದದ್ದನ್ನ ಹಂಗ ಬಿಟ್ರ ಇಡೀ ಬಟ್ಟಿ ಹೋಗತೈತಿ. ಸ್ವಾಮಾರಕ್ಕ ಎರಡ ಕಲ್ಲು, ಮೂರ ಕಲ್ಲು ಎತ್ತಿ ಇದ್ದಲ್ಲೇ ಕುಂದ್ರಿಸೀನಿ."

ಆ ಜಜ್ಜಿದ ಉಗುರುಗಳ ಗುಟ್ಟು ನನಗೆ ಆಗ ತಿಳಿಯಿತು. ಅತ್ತೆ ಸೆರಗು ಬಾಯಿಗೆ ಹಿಡಿದುಕೊಂಡಳು. ಮೇಡಂಗೆ ಸಿಟ್ಟು ಬಂದಿತ್ತು. "ನೀವು ಮಾಡಿದ್ದು ತಪ್ಪು, ಗೊತ್ತಾ? ಯಾವುದು ಹಳೇದು, ಯಾವುದು ನಿಮ್ಮದು ಅಂತ ಈಗ ನಾನು ಹೇಗೆ ಹೇಳಲಿ?"

"ಅದಕ್ಕ ಗುರ್ತ ಇಟ್ಟೇನ್ರಿ."

ಹೀಗೆಂದವನೇ ಮೊಣಕಾಲೂರಿ ಕುಳಿತು, ಕಿಸೆಯಿಂದ ದಪ್ಪ ಸೂಜಿ ತೆಗೆದು ಎರಡು ಕಲ್ಲಿನ ಸಂದಿಗೆ ಹಾಕಿ ಮೀಟಿದ. ಒಂದು ಬಿಳಿ ಗುಂಡಿ ಉದುರಿತು. ನಾಲ್ಕು ತೂತಿನ ಅಂಗಿ ಗುಂಡಿ! ಪಕ್ಕದ ಸಂದಿಯಿಂದ ನೀಲಿಯದು, ಅದರಾಚೆ ಕಂದು. "ನಾನ ಇಟ್ಟ ಒಂದೊಂದ ಕಲ್ಲಿಗೂ ಒಂದೊಂದ ಗುಂಡಿ ಐತ್ರಿ. ಭರಣಿ ಚೂರಿಗೆ ನಾನ ಮೋಸ ಹೋಗಿದ್ದೆ. ಮುಂದ ನೋಡಾವ್ರು ಮೋಸ ಹೋಗಬಾರ್ದು ಅಂತ. ಮ್ಯಾಲಿನ ಐದ ಸಾಲು ನಂದು. ಕೆಳಗಿನ ಮೂರ ಸಾಲಿನ್ಯಾಗ ಹುಡಕಬ್ಯಾಡ್ರಿ, ಸಿಗಂಗಿಲ್ಲ. ಅದು ಕೋಟೀದು."

ಮೇಡಂ ಹುಡುಕಿಯೇ ಹುಡುಕಿದರು. ಬ್ರಷ್ ಹಿಡಿದು ಮಧ್ಯಾಹ್ನದ ತನಕ ಕೆಳಗಿನ ಮೂರು ಸಾಲಿನ ಸಂದಿಗಳನ್ನೆಲ್ಲ ಕೆದರಿದರು. ಒಂದು ಗುಂಡಿಯೂ ಸಿಗಲಿಲ್ಲ. ಸಿಕ್ಕಿದ್ದು ಎತ್ತಿನಷ್ಟು ದೊಡ್ಡ ಕಲ್ಲುಗಳು ಮತ್ತು ಅವುಗಳ ಬುಡದಲ್ಲಿ ಕಪ್ಪು ಕೆಂಪು ಮಡಕೆಯ ಚೂರುಗಳು. ಈ ಸಲ ಅತ್ತೆ ಚೂರುಗಳನ್ನು ಮೂಸಿ ನೋಡಿ, "ನಮ್ಮ ಮನೀವಲ್ಲ" ಎಂದು ಸರ್ಟಿಫಿಕೇಟು ಕೊಟ್ಟಳು! ಗುಂಡಿ ಇರುವ ಕಲ್ಲು ಟೇಲರನದು, ಗುಂಡಿ ಇಲ್ಲದ್ದು ರಾಜನದು. ಇಷ್ಟು ಸರಳವಾದ ಪುರಾವೆ ಬೇರೆ ಯಾವ ಕೋಟೆಗಾದರೂ ಇದೆಯೆ?

ಇತ್ತ ಮಾಮಾ ಮೇಲಿನ ಸಾಲುಗಳಿಂದ ಮೀಟಿ ಕೆಳಗೆ ಹಾಕಿದ ಒಂದಿಷ್ಟು ಗುಂಡಿಗಳನ್ನು ನೋಡುತ್ತಿದ್ದ ಆ ಸದಸ್ಯ ಒಮ್ಮೆಲೆ ಕೂಗಿದ. "ಈ ಹಸಿರು ಗುಂಡಿ ನನ್ನ ದೀಪಾವಳಿ ಅಂಗೀದು! ನಾಕನೇ ಇಯತ್ತೆ! ಏ ಟೇಲರ್, ಅಂಗಿ ತೆರಕೊಂಡು ಊರೆಲ್ಲಾ ಅಡ್ಡಾಡೀನಲ್ಲೋ!" ಆಮೇಲೆ ತಡೆಯುವವರು ಯಾರು? ನನ್ನದು, ನಮ್ಮ ಅಣ್ಣನದು ಎಂದು ಊರಿಗೆ ಊರೇ ಬಗ್ಗಿ ಗುಂಡಿ ಆರಿಸತೊಡಗಿತು. ನರೆತ ತಲೆಯ ಗಂಡಸರು ಶಾಲೆಯ ಹುಡುಗರ ಹಾಗೆ ಜಗಳಾಡಿದರು.

"ಗುರುತಿಗೆ ಹುಣಸೆ ಬೀಜ ಇಡಬಹುದಿತ್ತಲ್ಲ," ಎಂದು ಮೇಡಂ ನಗುತ್ತ ಕೇಳಿದರು. "ಮಕ್ಕಳ ಗುಂಡಿಯೇ ಯಾಕೆ?"

ಮಾಮಾ ನಾಚಿಕೊಂಡ. "ಕೋಟಿ ಕಟ್ಟಿಸಿದ ರಾಜಾನ ಹೆಸರ ಎಲ್ಲ್ಯರ ಒಂದ ಕಲ್ಲಿನ ಮ್ಯಾಲ ಇರತೈತ್ರಿ. ಇವತ್ತಲ್ಲ ನಾಳೆ ನಿಮ್ಮಂಥಾವ್ರು ಬಂದು ಓದ್ತೀರಿ. ನಮ್ಮೂರ ಹುಡುಗೂರ ಹೆಸರ ಯಾರ ಕೆತ್ತಿಸ್ತಾರ್ರಿ?"

ನಂತರ ಅವನು ಅಳತೆ ಪುಸ್ತಕ ತಂದುಕೊಟ್ಟ. ಒಂದಲ್ಲ, ಒಂಬತ್ತು. ಯಾವ ಕಲ್ಲು ಎಲ್ಲಿ ಬಿದ್ದಿತ್ತು, ಎಷ್ಟು ಉದ್ದ, ಎಷ್ಟು ಅಗಲ, ಎತ್ತಿಡುವ ಮುಂಚೆ ಗೋಡೆ ಹೇಗಿತ್ತು, ಎಲ್ಲ ಚಿತ್ರದ ಸಮೇತ. ಇದನ್ನು ಯಾರು ಕಲಿಸಿದರು ಎಂದು ಮೇಡಂ ಕೇಳಿದರೆ, "ಬಿಚ್ಚಿ ಹೊಲಿಯೂಮುಂದ ಹಳೇ ಅಳತಿ ಬರದ ಇಟ್ಕೋಬೇಕಲ್ರಿ" ಎಂದ. ಮೇಡಂ ಅಲ್ಲೇ ಕಲ್ಲಿನ ಮೇಲೆ ಕುಳಿತು ಪುಟ ತಿರುವತೊಡಗಿದರು, ಸವಣೂರಿನ ಖಾರದ ಪಾಕೀಟು ಖಾಲಿಯಾದದ್ದೂ ಅವರಿಗೆ ತಿಳಿಯಲಿಲ್ಲ. ಹೋಗುವಾಗ, ಇನ್ನು ಮುಂದೆ ಒಂದು ಕಲ್ಲನ್ನೂ ಮುಟ್ಟಬಾರದೆಂದು ಮಾಮಾನಿಂದ ಮಾತು ತೆಗೆದುಕೊಂಡರು. ವರದಿ ಹೋಯಿತು. ಖಡಿ ಮಷಿನ್ನಿನ ಅರ್ಜಿ ತಿರಸ್ಕಾರವಾಯಿತು. ಇಲಾಖೆಯ ಫಲಕ ಇನ್ನೂ ಬಂದಿಲ್ಲ, ಅದು ಬರುತ್ತದೆ ಬಿಡಿ, ಸರಕಾರದ ಕೆಲಸ.

ಅವತ್ತು ಊರವರೆಲ್ಲ ಇಳಿದ ಮೇಲೆ ನಾನು ಪುಸ್ತಕಗಳನ್ನು ಕೈಚೀಲಕ್ಕೆ ತುಂಬುತ್ತಿದ್ದೆ. ಸುಮ್ಮನೆ ತೆಗೆದು ನೋಡಿದೆ. ಪ್ರತಿ ಕಲ್ಲಿನ ಮುಂದೆ ಗುಂಡಿಯ ಬಣ್ಣ, ಅದರ ಮುಂದೆ ಮಗುವಿನ ಹೆಸರು. ಎರಡನೆಯ ಪುಸ್ತಕದಲ್ಲಿ ನಾನಿದ್ದೆ, ಬಿಳಿ ಗುಂಡಿ, ಶಾಲೆ ಅಂಗಿ. ಐದನೆಯದರಲ್ಲೂ ಇದ್ದೆ. ಆರನೆಯ ಪುಸ್ತಕದಲ್ಲಿ ಬುರುಜು ಮತ್ತು ಕುಬಸ ಎದುರುಬದುರಾಗಿದ್ದ ಆ ಪುಟ ಸಿಕ್ಕಿ ನಗು ಬಂತು. ಅದನ್ನು ತಿರುವಿದೆ. ಮುಂದಿನ ಪುಟದಲ್ಲಿ ಪೆನ್ಸಿಲ್ಲಿನಿಂದ ಬರೆದಿತ್ತು:

"ಸೋಮವಾರ. ಪಡುವಣ ಗೋಡಿ, ಮ್ಯಾಲಿನ ಸಾಲು, ತುದಿಗಲ್ಲು. ಹುಕ್ಕು ಒಂದು. ಲಗ್ನದ ಕುಬಸದ್ದು. ಕೂಸು ಇವತ್ತ ಶಿಗ್ಗಾಂವಿಗೆ ಹೋತು. ಹೋಗೂದು ನೋಡಾಕ ಆಗಲಿಲ್ಲ. ಇಷ್ಟರೆ ಊರಾಗ ಇರ್ಲಿ."

ತಲೆಯೆತ್ತಿ ನೋಡಿದೆ. ಮಾಮಾ ಆ ತುದಿಗಲ್ಲಿನ ಹತ್ತಿರವೇ ನಿಂತಿದ್ದ. ಅಲ್ಲಿ ನಿಂತರೆ ಊರಿನಿಂದ ಹೊರಡುವ ರಸ್ತೆ ಕೊನೆಯ ತನಕ ಕಾಣುತ್ತದೆ. ಹದಿನೆಂಟು ವರ್ಷದ ಸಿಟ್ಟು ಎಲ್ಲಿ ಹೋಗಬೇಕೋ ತಿಳಿಯದೆ ನನ್ನ ಕಣ್ಣಲ್ಲಿ ನೀರಾಗಿ ಇಳಿಯಿತು. ನನ್ನ ಕೈಯಲ್ಲಿದ್ದ ಪುಟವನ್ನು ಅವನೂ ನೋಡಿದ. ಟೇಪನ್ನು ಬೆರಳಿಗೆ ಸುತ್ತುತ್ತ ಮೆಲ್ಲಗೆ ಕೇಳಿದ.

"ಅವತ್ತ ಪಿನ್ನು ಚುಚ್ಚಿತ್ತೇನಬೇ ತಂಗಿ?"

"ಇಲ್ಲ ಮಾಮಾ," ಎಂದೆ. "ಒಟ್ಟ ಚುಚ್ಚಲಿಲ್ಲ."